ಪ್ರಸಂಗದ ತರಗತಿಗೆ ವದೀ ಹೆಸರು ಬರೆಸಿದ್ದು

ನನ್ನ ತಮ್ಮನಿಗೆ ವದೀ ಎಂದು ಹೆಸರಿಟ್ಟವರು ನಮ್ಮ ಅಜ್ಜಿ. ನಮ್ಮ ಅರಬ್ಬಿ ಭಾಷೆಯಲ್ಲಿ ಹಾಗೆಂದರೆ ಸಾಧು, ಮೆತ್ತನೆಯ ಸ್ವಭಾವದವನು. ಅಜ್ಜಿ ಕೂಸಿನ ಮುಖ ನೋಡಿ ಹೆಸರಿಟ್ಟರೇ ಹೊರತು ಅವನು ಮುಂದೆ ಏನಾಗುತ್ತಾನೆಂದು ಅವರಿಗೇನು ಗೊತ್ತು? ಇನ್ನೂ ಮಾತು ಕಲಿಯುತ್ತಿದ್ದಾಗಲೇ ಮಿದುಳು ಜ್ವರ ಬಂದು ಅವನ ಕಿವಿ ಹೋಯಿತು. ಕಿವಿಯ ಜೊತೆಗೇ ಹೆಸರಿನ ಅರ್ಥವೂ ಹೋಯಿತು ಎಂದು ಅಮ್ಮ ಹೇಳುತ್ತಿದ್ದಳು.

ಕೈರೋದ ಶುಬ್ರಾದಲ್ಲಿ, ನಮ್ಮ ಮನೆಗೆ ಹತ್ತಿರದ ಒಂದು ಮುದ್ರಣಾಲಯದಲ್ಲಿ ಅವನು ಕಾಗದ ಕತ್ತರಿಸುತ್ತಿದ್ದ. ಯಂತ್ರಗಳ ಗದ್ದಲಕ್ಕೆ ಉಳಿದವರು ತಲೆ ಹಿಡಿದುಕೊಂಡು ಕೂತರೆ ಇವನು ಹಾಯಾಗಿರುತ್ತಿದ್ದ. ಸಂಜೆ ಸೆಮಿನರಿಗೆ ಹೋಗಿ ಪಾದ್ರಿಯಾಗಲು ಓದುತ್ತಿದ್ದ. ಚರ್ಚಿನ ಹಿಂದಿನ ಹಜಾರದಲ್ಲಿ ಪ್ರತಿ ಶುಕ್ರವಾರ ನಮ್ಮ ಕಿವುಡರ ಸಭೆ ಸೇರುತ್ತದೆ. ಆ ಸಭೆಗೆ ಬರುವ ಪಾದ್ರಿಗಳೆಲ್ಲ ಕಿವಿಯಿದ್ದವರು. ಕೈಭಾಷೆ ಅರ್ಧಂಬರ್ಧ ಕಲಿತು ಬಂದು, ಸಣ್ಣ ಮಕ್ಕಳಿಗೆ ಹೇಳಿದ ಹಾಗೆ ಹೇಳಿ ಹೋಗುತ್ತಿದ್ದರು. ನಮಗೆ ನಮ್ಮವನೇ ಪಾದ್ರಿ ಬೇಕು ಎಂದು ವದೀ ಹಟ ಹಿಡಿದ. ಹಟ ಹಿಡಿದವನೇ ಓದಲಿ ಎಂದು ಸಭೆ ಅವನನ್ನೇ ಕಳಿಸಿತು.

ನಾನು ಅಫಾಫ್, ಅವನ ಅಕ್ಕ. ಹಗಲು ಔಷಧಿ ಅಂಗಡಿಯಲ್ಲಿ ಕೆಲಸ, ಸಂಜೆ ಅವನ ತರಗತಿ. ಮೇಷ್ಟ್ರು ಹೇಳಿದ್ದನ್ನು ಕೈಯಲ್ಲಿ ಅವನಿಗೆ ದಾಟಿಸಬೇಕು, ಅವನು ಕೈಯಲ್ಲಿ ಹೇಳಿದ್ದನ್ನು ಬಾಯಲ್ಲಿ ಅವರಿಗೆ. ಎರಡು ವರ್ಷ ಹೀಗೇ ನಡೆದಿತ್ತು. ಹುಡುಗರು ನನ್ನನ್ನು ‘ವದೀಯ ಬಾಯಿ’ ಎನ್ನುತ್ತಿದ್ದರು. ನನ್ನ ನಿಜವಾದ ಹೆಸರು ಅವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ.

ಕ್ರಿಸ್‌ಮಸ್ ಕಳೆದ ಮೇಲೆ, ಜನವರಿಯ ಚಳಿಯಲ್ಲಿ, ಆ ವರ್ಷದ ಎರಡನೇ ಸೆಮಿಸ್ಟರಿನ ವಿಷಯಗಳನ್ನು ಆರಿಸಿಕೊಳ್ಳಿ ಎಂದು ಕಚೇರಿಯವರು ಕರೆದರು. ವದೀ ಮನೆಯಲ್ಲೇ ಕೂತು ಬರೆದುಕೊಂಡಿದ್ದ: ಹೀಬ್ರೂ, ಕ್ರೈಸ್ತ ಸಭೆಯ ಇತಿಹಾಸ, ರೋಗಿಗಳ ಆರೈಕೆ, ಮತ್ತೆ ಪ್ರಸಂಗಶಾಸ್ತ್ರ. ಚರ್ಚಿನ ಪೀಠದಲ್ಲಿ ನಿಂತು ದೇವರ ವಾಕ್ಯದ ಮೇಲೆ ಪ್ರಸಂಗ ಮಾಡುವುದನ್ನು ಕಲಿಸುವ ತರಗತಿ ಅದು. ಅದಿಲ್ಲದೆ ಯಾರೂ ಪಾದ್ರಿಯಾಗುವಂತಿಲ್ಲ.

ಡೀನ್ ಲಮೀ ಅಯ್ಯನವರು ಒಳ್ಳೆಯ ಮನುಷ್ಯ. ನಮ್ಮನ್ನು ಕಂಡ ಕೂಡಲೇ ಚಹಾ ತರಿಸಿದರು. ಹಾಳೆ ನೋಡುತ್ತ ನೋಡುತ್ತ ಕೆಂಪು ಪೆನ್ನು ತೆಗೆದು ಕೊನೆಯ ಸಾಲನ್ನು ಹೊಡೆದುಹಾಕಿದರು.

“ಇದೊಂದು ಬೇಡ ಮಗು. ನಿನಗೆ ಇದರಿಂದ ವಿನಾಯಿತಿ ಕೊಟ್ಟಿದೀವಿ. ಇದರ ಬದ್ಲು ಗ್ರಂಥಾಲಯದ ಅಭ್ಯಾಸ ಅಂತ ಹಾಕಿದೀನಿ. ಸುಲಭ, ಮಾರ್ಕೂ ಬರುತ್ತೆ.”

ನಾನು ಕೈಯಲ್ಲಿ ಹೇಳಿದೆ. ವದೀಯ ಮುಖ ಬಿಗಿಯಿತು. ಅವನ ಕೈ ಗಾಳಿಯನ್ನೇ ಸೀಳುವ ಹಾಗೆ ಓಡಿತು.

“ಇವರ ಕನಿಕರ ಯಾರು ಕೇಳಿದ್ರು? ಪ್ರಸಂಗ ಮಾಡೋಕೆ ಬಾರದ ಪಾದ್ರಿನ ತಗೊಂಡು ಏನ್ ಮಾಡ್ತಾರಂತೆ, ಉಪ್ಪಿನಕಾಯಿ ಹಾಕ್ತಾರಂತಾ?”

ನಾನು ಡೀನರ ಕಡೆ ತಿರುಗಿ ನಗುಮುಖ ಮಾಡಿದೆ. “ನಿಮ್ಮ ಪ್ರೀತಿಗೆ ಋಣಿ ಅಂತಾನೆ ಅಯ್ಯನವರೇ. ಆದ್ರೂ ಆ ತರಗತಿ ಸಿಕ್ಕಿದ್ರೆ ಚೆನ್ನಾಗಿತ್ತು ಅಂತ...”

ಅವನು ನನ್ನ ತುಟಿಯನ್ನೇ ನೋಡುತ್ತಿದ್ದ. ಮೇಜು ಗುದ್ದಿದ ರಭಸಕ್ಕೆ ಚಹಾ ತಟ್ಟೆಗೆ ಚೆಲ್ಲಿತು. “ಅಷ್ಟುದ್ದ ಹೇಳಿದೀನಿ. ಉಪ್ಪಿನಕಾಯಿ ಎಲ್ಲಿ ಹೋಯ್ತು?”

“ಏನಂತಮ್ಮ?” ಡೀನರು ಗಾಬರಿಯಾದರು.

“ಉಪ್ಪಿನಕಾಯಿ ಎಲ್ಲಿ ಅಂತ ಕೇಳ್ತಿದಾನೆ,” ಎಂದೆ. ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. ಅವನು ಹೇಳಿದ್ದನ್ನು ಹೇಳಿದ ಹಾಗೇ ಹೇಳಿಬಿಟ್ಟೆ. ಹೇಳುವಾಗ ಕಿವಿ ಬಿಸಿಯಾಯಿತು. ಹೇಳಿ ಮುಗಿಸಿದ ಮೇಲೆ, ಸುಳ್ಳು ಯಾಕೆ, ಎದೆ ಹಗುರಾಯಿತು.

ಡೀನರು ಕಾಗದದ ಅಂಚು ಸವರಿದರು. “ನೋಡಮ್ಮ, ಆ ವಿಷಯದಲ್ಲಿ ಅರ್ಧ ಅಂಕ ಸ್ವರಕ್ಕೇ ಇದೆ. ಏರಿಳಿತ, ಉಚ್ಚಾರ, ಕೊನೇ ಬೆಂಚಿನವರೆಗೂ ದನಿ ಮುಟ್ಟೋದು. ಇವನಿಗೆ ಅದನ್ನ ಹೇಗೆ ಕೊಡೋಣ? ಬೇಕಾದ್ರೆ ಸಬ್ರೀ ಅಯ್ಯನವರನ್ನ ಕೇಳಿ. ಅವರು ಒಪ್ಪಿದ್ರೆ ನನ್ನ ಅಡ್ಡಿ ಇಲ್ಲ.”

ಸಬ್ರೀ ಅಯ್ಯನವರು ಒಪ್ಪುವುದಿಲ್ಲ ಎಂದು ಗೊತ್ತಿದ್ದೇ ಅವರು ಹಾಗೆ ಹೇಳಿದ್ದು. ಸಬ್ರೀ ಅಯ್ಯನವರೆಂದರೆ ದಕ್ಷಿಣ ಈಜಿಪ್ಟಿನಿಂದ ಉತ್ತರದ ಕಡಲ ತೀರದವರೆಗೆ ಹೆಸರಾದ ಪ್ರಸಂಗಿ. ಮೈಕು ಕೆಟ್ಟರೂ ಅವರ ಪ್ರಸಂಗ ಬೀದಿಗೆ ಕೇಳಿಸುತ್ತಿತ್ತು. ಈಗ ವಯಸ್ಸಾಗಿ ಬೆನ್ನು ಬಾಗಿತ್ತು, ಕಿವಿ ಮಂದವಾಗಿತ್ತು, ಆದರೆ ದನಿ ಮಾತ್ರ ಹಾಗೇ ಇತ್ತು.

ಅವರು ಕಾರಿಡಾರಿನಲ್ಲೇ ಸಿಕ್ಕರು. ಸುತ್ತ ಹುಡುಗರು ಗುಂಪುಗಟ್ಟಿ ತಮ್ಮ ತಮ್ಮ ವಿಷಯಗಳ ಲೆಕ್ಕಾಚಾರ ಮಾಡುತ್ತಿದ್ದರು. ನಾನು ಸಂಗತಿ ಹೇಳಿದೆ. ಅವರು ತಲೆಯಾಡಿಸಿದರು.

“ಪ್ರಸಂಗ ಅಂದ್ರೆ ಕೇಳೋದು ಮಗಳೇ. ನಂಬಿಕೆ ಮನುಷ್ಯನ ಒಳಗೆ ಇಳಿಯೋದೇ ಕಿವಿಯಿಂದ. ನಾನು ಮಾಡಿದ ನಿಯಮ ಅಲ್ಲ ಇದು.”

ವದೀ ಅದನ್ನು ನೋಡಿದ, ನಕ್ಕ. ಆಮೇಲೆ ನಿಧಾನವಾಗಿ, ಒಂದೊಂದೇ ಬೆರಳು ಮಡಚಿ ಬಿಚ್ಚಿ ಹೇಳಿದ. ನಾನು ತಗ್ಗಿದ ದನಿಯಲ್ಲಿ ಅದನ್ನು ಬಾಯಿಗೆ ತಂದೆ.

“ಏನು?” ಅಯ್ಯನವರು ಕಿವಿಗೆ ಕೈ ಅಡ್ಡ ಹಿಡಿದರು. “ಜೋರಾಗಿ ಹೇಳಮ್ಮ, ಕೇಳಿಸ್ತಾ ಇಲ್ಲ.”

ಕಾರಿಡಾರು ತುಂಬ ಜನ. ಬೇರೆ ದಾರಿಯಿರಲಿಲ್ಲ. ಕೂಗಿ ಹೇಳಿದೆ: “ಇನ್ನು ಸ್ವಲ್ಪ ವರ್ಷಕ್ಕೆ ನೀವೂ ನಮ್ಮ ಸಭೆಗೇ ಬರ್ತೀರಿ ಅಂತಿದಾನೆ ಅಯ್ಯನವರೇ! ಆಗ ನಿಮಗೆ ಪ್ರಸಂಗ ಮಾಡೋರು ಯಾರು ಅಂತ ಕೇಳ್ತಿದಾನೆ!”

ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡ. ಸಬ್ರೀ ಅಯ್ಯನವರು ವದೀಯ ಕಣ್ಣಲ್ಲಿ ಕಣ್ಣಿಟ್ಟು ನಿಂತರು. ಇವನೂ ಕಣ್ಣು ತಗ್ಗಿಸಲಿಲ್ಲ. ಮುದುಕರು ಜೇಬಿನಿಂದ ಪೆನ್ನು ತೆಗೆದು, ಗೋಡೆಗೆ ಹಾಳೆ ಒತ್ತಿ ಹಿಡಿದು, ಕೆಂಪು ಗೀಟಿನ ಪಕ್ಕದಲ್ಲೇ ರುಜು ಹಾಕಿದರು.

“ಬಾ. ಆದರೆ ರಿಯಾಯಿತಿ ಕೇಳ್ಬೇಡ. ನನ್ನ ತರಗತಿಲಿ ಎಲ್ಲರೂ ಅತ್ತಿದಾರೆ, ನೀನೂ ಅಳ್ತೀಯ.”

“ನೋಡೋಣ,” ಎಂದ ವದೀ.

ಕೆಲಸ ಆಯಿತು ಎಂದುಕೊಂಡು ಡೀನರ ಕೋಣೆಗೆ ವಾಪಸು ಹೋದರೆ ಅಲ್ಲಿ ಆಡಳಿತ ಮಂಡಳಿಯ ಹಿರಿಯರು ಹಲೀಮ್ ಕೂತಿದ್ದರು. ಬಟ್ಟೆ ವ್ಯಾಪಾರಿ, ಚರ್ಚಿಗಾಗಿ ಓಡಾಡುವವರು, ಮಾತು ಕಡಿಮೆ. ರುಜು ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ಪರೀಕ್ಷೆ ದಿನ ಇವನು ಪೀಠದ ಮೇಲೆ ನಿಂತು ಕೈ ಆಡಿಸ್ತಾನೆ. ಮೈಕಲ್ಲಿ ಮಾತಾಡೋರು ಯಾರು?”

“ನಾನೇ,” ಎಂದೆ. “ಇಷ್ಟು ದಿನ ನಾನೇ ಅಲ್ವಾ ಹೇಳ್ತಾ ಇದ್ದಿದ್ದು.”

“ತರಗತಿ ಬೇರೆ, ಪೀಠ ಬೇರೆ. ನಮ್ಮ ಪೀಠದಿಂದ ಹೆಂಗಸಿನ ದನಿಯಲ್ಲಿ ಪ್ರಸಂಗ ಕೇಳಿಸೋ ಹಾಗಿಲ್ಲ. ನಿಯಮ ಇದೆ.”

ವದೀಗೆ ಅದನ್ನು ತಿಳಿಸಿದೆ. “ಪ್ರಸಂಗ ಮಾಡೋನು ನಾನು. ಅವಳಲ್ಲ,” ಎಂದ.

“ಆದ್ರೆ ಜನಕ್ಕೆ ಕೇಳೋದು ಅವಳ ದನಿ ತಾನೆ?”

“ನನಗಂತೂ ಕೇಳ್ಸಲ್ಲ,” ಎಂದ ವದೀ. ಡೀನರು ನಗು ಬಂದದ್ದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡರು. ಹಲೀಮರು ನಗಲಿಲ್ಲ.

ಗಂಡಸಿನ ಬಾಯಿಯೇ ಆಗಬೇಕೆಂದರೆ ನಶಾತ್ ಇದ್ದಾನಲ್ಲ ಎಂದು ಡೀನರು ಹೊರಗಿದ್ದ ಒಬ್ಬ ವಿದ್ಯಾರ್ಥಿಯನ್ನು ಕರೆದರು. ಸೊಹಾಗ್ ಕಡೆಯ ಹಳ್ಳಿಯವನು, ಒಳ್ಳೆಯ ಮನಸ್ಸಿನವನು. ಯಾವುದೋ ಶಿಬಿರದಲ್ಲಿ ಸ್ವಲ್ಪ ಕೈಭಾಷೆ ಕಲಿತಿದ್ದ. ವದೀ ಅವನ ಎದುರು ನಿಂತು ಹೇಳಿದ: “ನನ್ನನ್ನು ಕೇಳದೆ ನನ್ನ ಬಾಯಿ ಬದಲಾಯಿಸೋಕೆ ಹೊರಟಿದಾರೆ, ಇವರಿಗೆ ನಾಚಿಕೆ ಆಗಬೇಕು.”

ನಶಾತ್ ಹುಬ್ಬು ಗಂಟಿಕ್ಕಿದ. “ಅದೂ... ಬಾಯಲ್ಲಿ ಏನೋ ಆಗಿದೆ. ಹಲ್ಲು ನೋವು ಅಂತಿದಾನೆ ಅನ್ಸುತ್ತೆ ಅಯ್ಯನವರೇ.”

ನನಗೆ ನಗು ತಡೆಯಲಾಗಲಿಲ್ಲ. ಡೀನರಿಗೂ ಆಗಲಿಲ್ಲ. ವದೀ ಮಾತ್ರ ನಗದೆ ಮೇಜಿನ ಮೇಲಿದ್ದ ಕೆಂಪು ಪೆನ್ನನ್ನೇ ಎತ್ತಿಕೊಂಡ. ಹೀಬ್ರೂ ಹೊಡೆದ. ಇತಿಹಾಸ ಹೊಡೆದ. ಆರೈಕೆ ಹೊಡೆದ. ಗ್ರಂಥಾಲಯದ ಅಭ್ಯಾಸವನ್ನಂತೂ ಕಾಗದ ಹರಿಯುವ ಹಾಗೆ ಹೊಡೆದ. ಪ್ರಸಂಗಶಾಸ್ತ್ರ ಎಂದು ಮತ್ತೆ ದಪ್ಪಗೆ ಬರೆದು ಹಾಳೆಯನ್ನು ಹಲೀಮರ ಮುಂದೆ ತಳ್ಳಿದ. “ಇದೊಂದೇ. ಬಾಯಿ ನಮ್ಮಕ್ಕಂದೇ.”

“ಒಂದೇ ವಿಷಯಕ್ಕೆ ಸೇರಿಸ್ಕೊಳೋಕೆ ಬರಲ್ಲಪ್ಪ,” ಎಂದರು ಡೀನರು. “ಸೀಟು ಹೋಗುತ್ತೆ.”

“ಹೋಗ್ಲಿ.” ಬಾಗಿಲು ದಡಾರನೆ ಹಾಕಿಕೊಂಡು ಹೋದ. ಆ ಸದ್ದು ಅವನಿಗೆ ಕೇಳದಿದ್ದರೂ ಅದು ಎಷ್ಟು ದೊಡ್ಡದೆಂದು ಅವನಿಗೆ ಚೆನ್ನಾಗಿ ಗೊತ್ತು.

ಮನೆಗೆ ಹೋಗುವ ದಾರಿಯಲ್ಲಿ ಕುಶರಿ ಅಂಗಡಿಗೆ ಹೊಕ್ಕೆವು. ಅನ್ನ, ಬೇಳೆ, ಹುರಿದ ಈರುಳ್ಳಿ ತುಂಬಿದ ಬಟ್ಟಲು ಬಂತು. ಅವನು ಗಬಗಬ ತಿನ್ನುತ್ತ ಒಂದು ಕೈಯಲ್ಲಿ ಹೇಳುತ್ತಲೇ ಇದ್ದ: ಹೇಗೆ ಹೇಳಿದೆ ನೋಡಿದ್ಯಾ, ಅವರ ಮುಖ ನೋಡಿದ್ಯಾ, ನಾಳೆ ನೀನೇ ಪೀಠ ಹತ್ತಿ ನಿಲ್ಲಬೇಕು, ಯಾರು ತಡೀತಾರೆ ನೋಡೋಣ. ನಾನು ಚಮಚ ಇಟ್ಟೆ.

“ನಾನು ಹತ್ತಬೇಕೋ ಬೇಡವೋ ಅಂತ ಯಾರನ್ನ ಕೇಳಿದೆ?”

ಅವನ ಕೈ ನಿಂತಿತು.

“ಅವರು ನಿನ್ನ ಕೇಳ್ದೆ ಗೀಟು ಹೊಡೆದ್ರು ಅಂತ ಮೇಜು ಗುದ್ದಿದೆ. ನೀನು ನನ್ನ ಕೇಳಿದ್ಯೇನೋ? ಎರಡು ವರ್ಷ ಆಯ್ತು. ನೀನು ಹೀಬ್ರೂ ಅಂದೆ, ನಾನು ಹೀಬ್ರೂಗೆ ಬಂದೆ. ಅಂಗಡಿಲಿ ರಜ ಕೇಳಿ ಬೈಸ್ಕೊಂಡೆ. ಬಾಯಿ ನಮ್ಮಕ್ಕಂದೇ ಅಂತೆ! ಅಕ್ಕನ ಬಾಯಿ ನಿಮ್ಮಪ್ಪನ ಮನೆ ಆಸ್ತಿನೇನೋ?”

ಪಕ್ಕದ ಮೇಜಿನವರು ನಮ್ಮ ಕೈಗಳನ್ನೇ ನೋಡುತ್ತ ಊಟ ಮರೆತಿದ್ದರು. ನೋಡಿಕೊಳ್ಳಲಿ ಎಂದು ಬಿಟ್ಟೆ.

“ನಮ್ಮಪ್ಪ ನಿಮ್ಮಪ್ಪನೂ ಹೌದಲ್ಲ,” ಎಂದ ವದೀ, ಮೆಲ್ಲಗೆ. ತಮಾಷೆ ಮಾಡಲು ನೋಡಿದ, ನಾನು ನಗಲಿಲ್ಲ. ಬಟ್ಟಲನ್ನು ಪಕ್ಕಕ್ಕೆ ಸರಿಸಿ ಎರಡೂ ಕೈ ಖಾಲಿ ಮಾಡಿಕೊಂಡ. “ಸರಿ. ಕೇಳ್ತೀನಿ. ನಿನಗೇನು ಬೇಕಕ್ಕ? ನೀನೂ ಪ್ರಸಂಗ ಮಾಡ್ಬೇಕಾ?”

“ಥೂ, ನನಗ್ಯಾಕೆ? ಜನಕ್ಕೆ ಹೇಳೋದು ನನ್ನ ಹತ್ರ ಏನೂ ಇಲ್ಲ. ನನಗೆ ಇತಿಹಾಸ ಇಷ್ಟ. ಮರಳುಗಾಡಿಗೆ ಹೋಗಿ ಕೂತೋರು, ಜಗಳ ಆಡಿ ಸಭೆ ಒಡೆದೋರು, ಅವರ ಕಥೆ ಕೇಳ್ತಾ ಇದ್ರೆ ಹೊತ್ತು ಹೋಗೋದು ಗೊತ್ತಾಗಲ್ಲ. ಆದ್ರೆ ನಿನಗೆ ಹೇಳ್ತಾ ಹೇಳ್ತಾ ನಾನು ಅರ್ಧ ಕೇಳಿಸ್ಕೊಂಡೇ ಇರಲ್ಲ. ಒಂದು ಸಲ ಕೈ ಕಟ್ಕೊಂಡು ಕೂತು ಪೂರ್ತಿ ಪಾಠ ಕೇಳ್ಬೇಕು.”

ಅವನು ಬಟ್ಟಲನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಕೇಳಿದ, “ನನಗೆ ಇತಿಹಾಸ ಯಾರು ಹೇಳ್ತಾರೆ?”

“ನಶಾತ್ ಆ ತರಗತಿಲೇ ಇದಾನಲ್ಲ. ಕಲಿಸು ಅವನಿಗೆ.”

“ಅವನು ರೋಮಿನ ಚಕ್ರವರ್ತಿಗೆ ಹಲ್ಲು ನೋವು ಅಂತಾನೆ.”

ಆಗ ಇಬ್ಬರೂ ನಕ್ಕೆವು.

ಮಾರನೆಯ ಸಂಜೆ ಮತ್ತೆ ಡೀನರ ಕೋಣೆಗೆ ಹೋದೆವು. ಅವರು ಹೊಸ ಹಾಳೆ ತೆಗೆದಿಟ್ಟಿದ್ದರು. ಸಬ್ರೀ ಅಯ್ಯನವರು ಬೆಳಗ್ಗೆಯೇ ಬಂದು, ತಮ್ಮ ರುಜುವಿಗೆ ಬೆಲೆಯಿಲ್ಲವೇ ಎಂದು ಕಟ್ಟಡ ನಡುಗುವ ಹಾಗೆ ಕೂಗಾಡಿ ಹೋಗಿದ್ದರಂತೆ. ತರಗತಿ ಆಗಬಹುದು, ಅಲ್ಲಿ ನಾನು ಮಾತಾಡಬಹುದು ಎಂದರು ಡೀನರು. ಪೀಠದ ಮೇಲೆ ಮಾತ್ರ ನಶಾತ್. ಹಲೀಮರು ಅಷ್ಟಕ್ಕೇ ಒಪ್ಪಿದ್ದು.

ವದೀ ನನ್ನ ಕಡೆ ನೋಡಿದ. ಈ ಸಲ ಒಪ್ಪಿಗೆ ಕೇಳುವ ಹಾಗೆ ನೋಡಿದ. ನಾನು ಹೂಂ ಎಂದೆ.

“ಆಗಲಿ,” ಎಂದ. “ಆದ್ರೆ ನಶಾತ್‌ಗೋಸ್ಕರ ನಾನು ನಿಧಾನ ಮಾಡಲ್ಲ. ನಮ್ಮ ಸಭೆಯೋರು ಬರ್ತಾರೆ. ಅವರಿಗೆ ಹೇಳೋ ಹಾಗೇ ಹೇಳ್ತೀನಿ.”

ಅವನು ಉಳಿದ ವಿಷಯಗಳನ್ನೆಲ್ಲ ಮತ್ತೆ ಬರೆಯುತ್ತಿರುವಾಗ ನಾನು, “ನನಗೂ ಒಂದು ಹಾಳೆ ಕೊಡಿ ಅಯ್ಯನವರೇ,” ಎಂದೆ.

“ನಿನಗ್ಯಾಕಮ್ಮ?”

“ಸಭೆಯ ಇತಿಹಾಸಕ್ಕೆ. ಹೆಸರು ಅಫಾಫ್ ರಿಜ್ಕ್ ಬುತ್ರುಸ್. ಬಾಯಿ ಅಂತ ಬರೀಬೇಡಿ.”

ಡೀನರು ಕನ್ನಡಕ ತೆಗೆದು ಒರೆಸಿಕೊಂಡರು. ಹೆಂಗಸರು ಆ ತರಗತಿ ಕೇಳಬಾರದೆಂದು ನಿಯಮವೇನೂ ಇರಲಿಲ್ಲ. ಆದರೆ ವದೀಗೆ ಕಷ್ಟವಾಗುವುದಿಲ್ಲವೇ, ಮುಂದಿನ ವರ್ಷ ನೋಡೋಣವೇ ಎಂದರು. ಅವರ ಒಳ್ಳೆಯತನ ಯಾವಾಗಲೂ ಹೀಗೆಯೇ, ಬೇರೆಯವರ ಕಷ್ಟದ ಹೆಸರಿನಲ್ಲಿ ಬರುತ್ತಿತ್ತು. ನಾನು ಎದ್ದು ಹೋಗದೆ ಅಲ್ಲೇ ಕೂತೆ. ಕೊನೆಗೆ ಹಾಳೆ ಕೊಟ್ಟರು.

ಆ ಸೆಮಿಸ್ಟರು ಸುಲಭವಾಗಿರಲಿಲ್ಲ. ಸಬ್ರೀ ಅಯ್ಯನವರು ವದೀಯ ಮೊದಲ ಪ್ರಸಂಗ ನೋಡಿ, “ಇದು ಪ್ರಸಂಗ ಅಲ್ಲ, ಜಗಳ,” ಎಂದು ವಾಪಸು ಕೊಟ್ಟರು. ಎರಡನೆಯದನ್ನೂ ಕೊಟ್ಟರು. ವದೀ ಅಳಲಿಲ್ಲ, ಆದರೆ ಆ ದಿನ ಮನೆಯಲ್ಲಿ ಯಾರ ಕೈಯನ್ನೂ ನೋಡಲಿಲ್ಲ. ಇತಿಹಾಸದ ತರಗತಿಯಲ್ಲಿ ನಾನು ಕೈ ಕಟ್ಟಿಕೊಂಡು ಕೂರುತ್ತಿದ್ದೆ. ಪಕ್ಕದಲ್ಲಿ ನಶಾತ್ ಬೆವರುತ್ತ ಕೈ ಆಡಿಸುತ್ತಿದ್ದ, ವದೀ ಅವನ ಬೆರಳು ಹಿಡಿದು ತಿದ್ದುತ್ತಿದ್ದ. ಎಷ್ಟೋ ಸಲ ನನ್ನ ಕೈ ತಾನಾಗಿ ಮೇಲೇಳುತ್ತಿತ್ತು. ತೊಡೆಯ ಕೆಳಗೆ ಒತ್ತಿಟ್ಟುಕೊಳ್ಳುತ್ತಿದ್ದೆ.

ಮೇ ತಿಂಗಳ ಬಿಸಿಲಲ್ಲಿ ಪರೀಕ್ಷೆಯ ಪ್ರಸಂಗ ಬಂತು. ಸೆಮಿನರಿಯ ಚರ್ಚಿನ ಮುಂದಿನ ಬೆಂಚುಗಳನ್ನೆಲ್ಲ ನಮ್ಮ ಕಿವುಡರ ಸಭೆಯವರು ಬೇಗ ಬಂದು ಹಿಡಿದುಬಿಟ್ಟಿದ್ದರು. ಮೇಷ್ಟ್ರುಗಳು, ಮಂಡಳಿಯವರು, ಹಲೀಮರು ಅವರ ಹಿಂದೆ ಕೂರಬೇಕಾಯಿತು. ನಾನು ಇನ್ನೂ ಹಿಂದೆ, ಹೆಂಗಸರ ಜೊತೆ.

ವದೀ ಪೀಠ ಹತ್ತಿದ. ಪಕ್ಕದಲ್ಲಿ ಮೈಕ್ ಹಿಡಿದು ನಶಾತ್. ಓದಿದ ಭಾಗ, ಬೈಬಲಿನಲ್ಲಿ ಕರ್ತನು ಕಿವುಡನೊಬ್ಬನನ್ನು ಗುಣಪಡಿಸಿದ ಸಂಗತಿ. ವದೀ ಶುರುಮಾಡಿದ. ಮೊದಲ ಒಂದೆರಡು ವಾಕ್ಯವನ್ನು ನಶಾತ್ ಹೇಗೋ ಹಿಡಿದ. ಆಮೇಲೆ ವದೀಯ ಕೈ ತನ್ನ ವೇಗಕ್ಕೆ ಬಂತು, ಮುಖ, ಭುಜ, ಹುಬ್ಬು ಎಲ್ಲ ಮಾತಾಡತೊಡಗಿದವು. ನಶಾತ್ ಬಾಯಿ ತೆರೆದ, ಮುಚ್ಚಿದ. ಮೈಕಿನಲ್ಲಿ ಹೇಳಿದ, “ಕ್ಷಮಿಸಿ. ನನಗೆ ತಿಳೀತಾ ಇಲ್ಲ. ತಪ್ಪು ತಪ್ಪು ಹೇಳೋಕೆ ನನಗೆ ಮನಸ್ಸಿಲ್ಲ.” ಮೈಕ್ ಇಟ್ಟು ಕೆಳಗಿಳಿದು ಕೂತ.

ವದೀ ನಿಲ್ಲಿಸಲಿಲ್ಲ. ಮುಂದಿನ ಬೆಂಚುಗಳೆಲ್ಲ ಒಟ್ಟಿಗೇ ನಕ್ಕವು. ಮತ್ತೆ ನಕ್ಕವು. ಒಬ್ಬ ಮುದುಕ ತೊಡೆ ತಟ್ಟಿಕೊಂಡ. ಆಮೇಲೆ ನಗು ನಿಂತಿತು. ಹೆಂಗಸೊಬ್ಬಳು ಸೆರಗಿನಂತೆ ಹೊದ್ದ ಶಾಲಿನ ಅಂಚಿನಿಂದ ಕಣ್ಣೊರೆಸಿಕೊಂಡಳು. ಹಿಂದಿನ ಬೆಂಚುಗಳಲ್ಲಿ ಅಷ್ಟು ಓದಿದವರು, ಅಷ್ಟು ಚೆನ್ನಾಗಿ ಕಿವಿ ಕೇಳುವವರು, ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದರು. ಫ್ಯಾನಿನ ಸದ್ದು ಬಿಟ್ಟರೆ ಅವರಿಗೆ ಕೇಳಿಸುತ್ತಿದ್ದುದು ಏನೂ ಇಲ್ಲ.

ಸಬ್ರೀ ಅಯ್ಯನವರು ತಡೆಯಲಾರದೆ ಹಿಂದೆ ತಿರುಗಿದರು. “ಅಫಾಫ್! ಏನಂತಿದಾನೆ? ಯಾಕೆ ನಕ್ಕರು?”

ನಾನು ಕೂತಲ್ಲೇ ಹೇಳಿದೆ, “ನನಗೆ ಅಪ್ಪಣೆ ಇಲ್ಲ ಅಯ್ಯನವರೇ.”

“ಅಪ್ಪಣೆ ಯಾರದು? ಹೇಳಮ್ಮ!”

ನಾನು ಹಲೀಮರ ಕಡೆ ನೋಡಿದೆ. ಕಿವಿಯಿದ್ದವರೆಲ್ಲ ಅವರ ಕಡೆ ನೋಡಿದರು. ಅವರ ಕಿವಿ ಕೆಂಪಾಯಿತು. ಮುಂದಿನ ಬೆಂಚು ಮತ್ತೊಮ್ಮೆ ನಕ್ಕಿತು. ಯಾಕೆಂದು ತಿಳಿಯುವ ಆಸೆ ಹಲೀಮರಿಗೂ ಇರಬೇಕು, ಅವರೂ ಮನುಷ್ಯರೇ ತಾನೆ.

“ಪೀಠ ಹತ್ತಬೇಡ,” ಎಂದರು ಹಲೀಮರು, ನೆಲ ನೋಡುತ್ತ. “ಅಲ್ಲಿಂದಲೇ ಹೇಳು.”

ನಾನು ಎದ್ದು ನಿಂತೆ. ವದೀ ನನ್ನನ್ನು ನೋಡಿದ, ಒಂದು ಗಳಿಗೆ ಕೈ ತಡೆದ. ಹೇಳಲಾ ಎಂದು ಕೇಳುವ ಹಾಗೆ ಹುಬ್ಬೆತ್ತಿದ. ಹೇಳು ಎಂದೆ. ಅವನು ಮೊದಲಿಂದ ಶುರುಮಾಡಿದ. ನಾನು ಹೇಳಿದೆ, ಒಂದು ಅಕ್ಷರವನ್ನೂ ಮೆತ್ತಗೆ ಮಾಡದೆ.

“ನಮ್ಮ ಸಭೆಗೆ ಬರೋ ಪ್ರತಿ ಪಾದ್ರಿನೂ ಇದೇ ಕಥೆ ಹೇಳ್ತಾರೆ, ಬೇರೆ ಕಥೆನೇ ಇಲ್ಲವೇನೋ ಅನ್ನೋ ಹಾಗೆ. ಹೇಳಿ ಮುಗಿಸಿ ನಮ್ಮ ಕಿವಿ ಕಡೆ ಬಗ್ಗಿ ನೋಡ್ತಾರೆ, ಏನಾದ್ರೂ ಆಯ್ತಾ ಅಂತ.” ಈಗ ಹಿಂದಿನ ಬೆಂಚುಗಳೂ ನಕ್ಕವು. “ಆ ಮನುಷ್ಯನ್ನ ಜನ ಕರ್ಕೊಂಡು ಬಂದ್ರು. ಅವನ ಪರವಾಗಿ ಅವರೇ ಬೇಡ್ಕೊಂಡ್ರು. ಅವನನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ? ಕರ್ತನು ಮಾತ್ರ ಅವನನ್ನ ಗುಂಪಿಂದ ಆಚೆ ಕರ್ಕೊಂಡು ಹೋದ. ಬಾಯಿ ತೆರೆಯೋಕೆ ಮುಂಚೆ ಕೈ ಎತ್ತಿದ. ಕಿವಿ ಮುಟ್ಟಿ ತೋರಿಸಿದ, ನಾಲಿಗೆ ಮುಟ್ಟಿ ತೋರಿಸಿದ, ಆಕಾಶದ ಕಡೆ ನೋಡಿದ. ಆ ಮನುಷ್ಯನ ಕಿವಿ ಇನ್ನೂ ತೆರೆದಿರಲಿಲ್ಲ. ಅಷ್ಟರಲ್ಲೇ ಅವನಿಗೆ ಎಲ್ಲ ತಿಳಿದುಬಿಟ್ಟಿತ್ತು. ಅವನಿಗೆ ಕರ್ತನು ಮೊದಲು ಮಾಡಿದ ಪ್ರಸಂಗ ಕೈಯಲ್ಲಿ ಮಾಡಿದ್ದು. ಆ ಕೈಗೆ ಇವತ್ತು ನೀವು ವಿನಾಯಿತಿ ಕೊಡೋಕೆ ಬರ್ತೀರಾ?”

ಮುಗಿದಾಗ ಮುಂದಿನವರು ಎರಡೂ ಕೈ ಮೇಲೆತ್ತಿ ಅಲ್ಲಾಡಿಸಿದರು. ಕಿವುಡರ ಚಪ್ಪಾಳೆ ಅದು, ಸದ್ದಿಲ್ಲ. ಸಬ್ರೀ ಅಯ್ಯನವರು ಅವರನ್ನು ನೋಡಿ ತಮ್ಮ ಕೈಗಳನ್ನೂ ಮೇಲೆತ್ತಿದರು. ಹಲೀಮರು ಎತ್ತಲಿಲ್ಲ. ಎದ್ದು ಹೋಗಲೂ ಇಲ್ಲ.

ನಿಯಮ ಇವತ್ತಿಗೂ ಹಾಗೇ ಇದೆ, ಯಾರೂ ಅದನ್ನು ಅಳಿಸಲಿಲ್ಲ. ವದೀ ತೇರ್ಗಡೆಯಾದ. ಪ್ರಸಂಗ ಹೊತ್ತು ಮೀರಿತೆಂದು ಸಬ್ರೀ ಅಯ್ಯನವರು ಅಂಕ ಕಳೆದಿದ್ದರು. ಅದು ಅನ್ಯಾಯ, ಎರಡೆರಡು ಸಲ ಹೇಳಿಸಿದವರು ಅವರೇ ತಾನೆ ಎಂದು ಇವನಿಗೆ ಸಿಟ್ಟು. ಇತಿಹಾಸದ ಪರೀಕ್ಷೆಯ ದಿನ ತನ್ನ ಉತ್ತರ ಬೇಗ ಬರೆದುಕೊಟ್ಟು ಹೊರಗೆ ಹೋದವನು, ಅವರ ಹತ್ತಿರ ಜಗಳಕ್ಕೆ ಹೋಗೋಣ ಬಾ ಎನ್ನತೊಡಗಿದಾಗ ನಾನು ಇನ್ನೂ ಬರೆಯುತ್ತಿದ್ದೆ. ಕಿಟಕಿಯ ಆಚೆ ನಿಂತು ಎರಡೂ ಕೈಯಲ್ಲಿ ಕರೆಯುತ್ತಿದ್ದ.

“ಆಮೇಲೆ,” ಎಂದು ಎಡಗೈಯಲ್ಲಿ ಹೇಳಿದೆ. ಬಲಗೈ ಬರೆಯುತ್ತಿತ್ತು.